ನ್ಯೂರಾಲಜಿ ಎಂಸಿಕ್ಯೂ ಸರಿ ಬರುತ್ತದೆ, ಕೇಸ್ ಕೊಟ್ಟರೆ ಕೈಕೊಡುತ್ತದೆ. ಅಭ್ಯಾಸ ಹೇಗೆ ಮಾಡಬೇಕು?

ಪ್ರಶ್ನೆ (ಎಂಬಿಬಿಎಸ್ ಅಂತಿಮ ವರ್ಷ)

ನಮಸ್ಕಾರ. ದಿನಕ್ಕೆ 50ರಂತೆ ನ್ಯೂರಾಲಜಿ ಎಂಸಿಕ್ಯೂ (ಬಹು ಆಯ್ಕೆಯ ಪ್ರಶ್ನೆ) ಬಿಡಿಸುತ್ತಿದ್ದೇನೆ. ನೂರಕ್ಕೆ ಎಪ್ಪತ್ತು ಸರಿ ಬರುತ್ತವೆ. ಅದೇ ವಿಷಯವನ್ನು ಆಯ್ಕೆಗಳಿಲ್ಲದೆ ಕೇಸ್ ಆಗಿ ಕೊಟ್ಟರೆ ಎಲ್ಲಿಂದ ಹಿಡಿಯಬೇಕೆಂದೇ ತಿಳಿಯುವುದಿಲ್ಲ. ಒಂದು ಉದಾಹರಣೆ:

58 ವರ್ಷದ ಗಂಡಸು, ಬಿಪಿ ಮತ್ತು ಶುಗರ್ ಇದೆ. ಬೆಳಿಗ್ಗೆ ಎದ್ದಾಗಿನಿಂದ ತಲೆಸುತ್ತು, ವಾಂತಿ, ನಿಲ್ಲದ ಬಿಕ್ಕಳಿಕೆ. ನೀರು ಕುಡಿದರೆ ನೆತ್ತಿಗೇರುತ್ತದೆ, ದನಿ ಒಡೆದಿದೆ. ನಡೆಸಿದರೆ ಬಲಕ್ಕೆ ವಾಲುತ್ತಾರೆ. ಬಲಗಣ್ಣಿನ ರೆಪ್ಪೆ ತುಸು ಇಳಿದಿದೆ, ಆ ಕಣ್ಣಿನ ಪಾಪೆ ಚಿಕ್ಕದಾಗಿದೆ. ಮುಖದ ಬಲಭಾಗದಲ್ಲಿ ಮತ್ತು ಎಡ ಕೈಕಾಲಿನಲ್ಲಿ ಸೂಜಿ ಚುಚ್ಚಿದ ನೋವು ತಿಳಿಯುವುದಿಲ್ಲ. ಕೈಕಾಲಿನ ಶಕ್ತಿ ಎರಡೂ ಕಡೆ ಪೂರ್ತಿ ಇದೆ.

‘ವಾಲೆನ್‌ಬರ್ಗ್’ (ಒಂದು ಬಗೆಯ ಸ್ಟ್ರೋಕ್) ಎಂದು ಹೆಸರೇನೋ ಹೊಳೆಯಿತು. ಆದರೆ ಶಕ್ತಿ ಏಕೆ ಉಳಿಯಿತು, ಇದೇ ರೋಗಿಯ ನಾಲಗೆ ಬಲಕ್ಕೆ ವಾಲಿದ್ದರೆ ಜಾಗ ಹೇಗೆ ಬದಲಾಗುತ್ತಿತ್ತು ಎಂದು ಕೇಳಿದರೆ ಉತ್ತರವಿಲ್ಲ. ದಿನಕ್ಕೆ ಎಷ್ಟು ಪ್ರಶ್ನೆ ಸಾಕು? ತಪ್ಪಾದುದನ್ನು ಏನು ಮಾಡಬೇಕು? ವಾರ್ಡಿಗೆ ಹೋಗಲಾಗದ ದಿನ ಕಾಗದದ ಮೇಲಿನ ಕೇಸ್‌ನಿಂದ ನಿಜವಾಗಿ ಕಲಿಯಲು ಸಾಧ್ಯವೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಉತ್ತರ 1 (ನ್ಯೂರಾಲಜಿ ರೆಸಿಡೆಂಟ್)

ನಿಮಗೆ ಹೆಸರು ಮೊದಲು ಹೊಳೆಯಿತು, ಜಾಗ ಹೊಳೆಯಲೇ ಇಲ್ಲ. ತೊಡಕು ಇರುವುದು ಅಲ್ಲೇ. ನ್ಯೂರಾಲಜಿಯಲ್ಲಿ ‘ಎಲ್ಲಿ’ ಎಂಬುದು ತೀರ್ಮಾನವಾಗುವ ತನಕ ‘ಏನು’ ಎಂದು ಕೇಳಬಾರದು. ಎಂಸಿಕ್ಯೂ ಈ ಕ್ರಮ ತಪ್ಪಿಸಿದರೂ ಅಂಕ ಕೊಡುತ್ತದೆ. ಬಿಕ್ಕಳಿಕೆ, ಇಳಿದ ರೆಪ್ಪೆ, ಒಡೆದ ದನಿ ಒಂದೇ ಪ್ಯಾರಾದಲ್ಲಿ ಕಂಡರೆ ಕಣ್ಣು ತಾನಾಗಿ ಸರಿಯಾದ ಆಯ್ಕೆಯ ಮೇಲೆ ಹೋಗಿ ಕೂರುತ್ತದೆ. ಕೇಸ್ ಅಷ್ಟು ಉದಾರಿಯಲ್ಲ.

ಆಯ್ಕೆಗಳನ್ನು ಕೈಯಿಂದ ಮುಚ್ಚಿ. ಪ್ರತಿ ಚಿಹ್ನೆಯನ್ನೂ ಎಡ ಅಥವಾ ಬಲ ಎಂದು ಗುರುತು ಹಾಕಿ ಒಂದರ ಕೆಳಗೊಂದು ಬರೆಯಿರಿ. ಪಕ್ಕದಲ್ಲಿ ಅದಕ್ಕೆ ಕಾರಣವಾದ ರಚನೆ ಯಾವುದೆಂದು ಬರೆಯಿರಿ. ಆಮೇಲೆ ಇಷ್ಟೂ ರಚನೆಗಳು ಒಂದೇ ಕಡೆ ಎಲ್ಲಿ ಕೂಡುತ್ತವೆ ಎಂದು ಹುಡುಕಿ. ಕಾಯಿಲೆ ಸೆಕೆಂಡಿನಲ್ಲಿ ಬಂತೇ, ದಿನಗಳಲ್ಲಿ ಬಂತೇ, ವರ್ಷಗಳಲ್ಲಿ ಬಂತೇ ಎಂಬುದನ್ನು ನೋಡುವುದು ಇದಾದ ಮೇಲೆ. ಉತ್ತರವನ್ನು ಪೆನ್ನಿನಲ್ಲಿ ಬರೆದ ನಂತರವೇ ಕೈ ತೆಗೆಯಿರಿ. ಮನಸ್ಸಿನಲ್ಲೇ ಅಂದುಕೊಂಡ ಉತ್ತರ ವಿವರಣೆ ಓದುತ್ತಿದ್ದಂತೆ ಸದ್ದಿಲ್ಲದೆ ಬದಲಾಗಿಬಿಡುತ್ತದೆ. ‘ಅದನ್ನೇ ಅಂದುಕೊಂಡಿದ್ದೆ’ ಎನಿಸುತ್ತದೆ, ತಪ್ಪು ತಪ್ಪಾಗಿಯೇ ಉಳಿಯುತ್ತದೆ.

ನಿಮ್ಮ ಕೇಸನ್ನೇ ಹಾಗೆ ಬಿಡಿಸೋಣ. ಬಲಕ್ಕೆ ವಾಲುವುದು: ಬಲ ಇನ್‌ಫೀರಿಯರ್ ಸೆರೆಬೆಲ್ಲಾರ್ ಪೆಡಂಕಲ್. ತಲೆಸುತ್ತು, ವಾಂತಿ: ವೆಸ್ಟಿಬ್ಯುಲಾರ್ ನ್ಯೂಕ್ಲಿಯಸ್. ನೆತ್ತಿಗೇರುವುದು, ಒಡೆದ ದನಿ: ನ್ಯೂಕ್ಲಿಯಸ್ ಆಂಬಿಗ್ಯುಅಸ್, ಅಂದರೆ 9 ಮತ್ತು 10ನೇ ನರ. ಇಳಿದ ರೆಪ್ಪೆ, ಚಿಕ್ಕ ಪಾಪೆ: ಬಲಗಡೆ ಕೆಳಗಿಳಿಯುವ ಸಿಂಪಥೆಟಿಕ್ ಎಳೆಗಳು.

ಹೆಚ್ಚು ಹೊತ್ತು ಕೊಡಬೇಕಾದದ್ದು ನೋವಿನ ವಿಷಯಕ್ಕೆ. ದೇಹದ ನೋವು, ಬಿಸಿ-ತಂಪು ಒಯ್ಯುವ ಸ್ಪೈನೋಥಲಾಮಿಕ್ ಎಳೆಗಳು ಬೆನ್ನುಹುರಿಗೆ ಹೊಕ್ಕು ಒಂದೆರಡು ಸೆಗ್ಮೆಂಟ್ ಮೇಲೇರುವಷ್ಟರಲ್ಲಿ ಆಚೆ ಬದಿಗೆ ದಾಟಿಬಿಡುತ್ತವೆ. ಹಾಗಾಗಿ ಬಲ ಮೆಡುಲ್ಲಾದಲ್ಲಿ (ಮೆದುಳುಕಾಂಡದ ಕೆಳಭಾಗ) ಹಾದುಹೋಗುವುದು ಎಡ ದೇಹದ ಸುದ್ದಿ. ಮುಖದ ನೋವು ಹಾಗಲ್ಲ. ಅದು ಪಾನ್ಸ್‌ನಲ್ಲಿ (ಮೆದುಳುಕಾಂಡದ ನಡುಭಾಗ) ಒಳಹೊಕ್ಕು ಅದೇ ಬದಿಯಲ್ಲಿ ಕೆಳಗಿಳಿದು, ಮೆಡುಲ್ಲಾದ ಮಟ್ಟದಲ್ಲಿ ಇನ್ನೂ ದಾಟದೆ ಇರುತ್ತದೆ. ಆದ್ದರಿಂದ ಬಲ ಮುಖ, ಎಡ ದೇಹ. ಎರಡೂ ಅಕ್ಕಪಕ್ಕ ಇರುವುದು ಮೆಡುಲ್ಲಾದ ಹೊರಬದಿಯಲ್ಲಿ.

ಶಕ್ತಿ ಉಳಿದದ್ದು ಏಕೆಂದರೆ ಪಿರಮಿಡ್ (ಮೋಟರ್ ಎಳೆಗಳ ಕಟ್ಟು) ಇರುವುದು ಮೆಡುಲ್ಲಾದ ಮುಂಭಾಗದಲ್ಲಿ, ನಡುಗೆರೆಯ ಪಕ್ಕ. ಅದಕ್ಕೆ ರಕ್ತ ಬರುವುದು ಆಂಟೀರಿಯರ್ ಸ್ಪೈನಲ್ ಆರ್ಟರಿ ಮತ್ತು ವರ್ಟಿಬ್ರಲ್ ಆರ್ಟರಿಯ ನಡು ಕವಲುಗಳಿಂದ. ನಾಲಗೆ ಬಲಕ್ಕೆ ವಾಲಿದ್ದರೆ ಬಲ 12ನೇ ನರ ಕೆಟ್ಟಿದೆ, ಅಂದರೆ ಪೆಟ್ಟು ನಡುಭಾಗದಲ್ಲಿ. ಆಗ ಎಡ ಕೈಕಾಲಿನ ಶಕ್ತಿ ಕುಂದಿರಬೇಕು, ಎಡಗಡೆ ಕಂಪನ ಮತ್ತು ಬೆರಳಿನ ಸ್ಥಾನ ತಿಳಿಯದಿರಬೇಕು. ನಡುವಿನದೂ ಬದಿಯದೂ ಒಟ್ಟಿಗೆ ಕೆಟ್ಟಿದ್ದರೆ ವರ್ಟಿಬ್ರಲ್ ಆರ್ಟರಿಯೇ ಮುಚ್ಚಿರುವ ಸಾಧ್ಯತೆ ಹೆಚ್ಚು. ಅಂದಹಾಗೆ ಪ್ರಶ್ನೆಪತ್ರಿಕೆಗಳು ವಾಲೆನ್‌ಬರ್ಗ್‌ಗೆ ಪೈಕಾ (ಪೋಸ್ಟೀರಿಯರ್ ಇನ್‌ಫೀರಿಯರ್ ಸೆರೆಬೆಲ್ಲಾರ್ ಆರ್ಟರಿ) ಎಂದೇ ಉತ್ತರ ಬಯಸುತ್ತವೆ. ವಾಸ್ತವದಲ್ಲಿ ಹೆಚ್ಚು ಸಲ ಮುಚ್ಚಿರುವುದು ವರ್ಟಿಬ್ರಲ್ ಆರ್ಟರಿ.

ಮೆದುಳುಕಾಂಡಕ್ಕೆ ‘ನಾಲ್ಕರ ನಿಯಮ’ ಇಟ್ಟುಕೊಳ್ಳಿ. ಎಮ್ ಅಕ್ಷರದ ನಾಲ್ಕು ನಡುವಿನಲ್ಲಿ: ಮೋಟರ್ ದಾರಿ, ಮೀಡಿಯಲ್ ಲೆಮ್ನಿಸ್ಕಸ್, ಮೀಡಿಯಲ್ ಲಾಂಜಿಟ್ಯೂಡಿನಲ್ ಫ್ಯಾಸಿಕ್ಯುಲಸ್, ಮೋಟರ್ ನ್ಯೂಕ್ಲಿಯಸ್ (3, 4, 6, 12). ಎಸ್ ಅಕ್ಷರದ ನಾಲ್ಕು ಬದಿಯಲ್ಲಿ: ಸ್ಪೈನೋಸೆರೆಬೆಲ್ಲಾರ್, ಸ್ಪೈನೋಥಲಾಮಿಕ್, 5ನೇ ನರದ ಸೆನ್ಸರಿ ನ್ಯೂಕ್ಲಿಯಸ್, ಸಿಂಪಥೆಟಿಕ್. ಪೆಟ್ಟು ಯಾವ ಮಟ್ಟದಲ್ಲಿದೆ ಎಂದು ತೋರುವ ಅಡ್ಡಗೆರೆ ಸಿಗುವುದು ಕ್ರೇನಿಯಲ್ ನರಗಳಿಂದ: 9ರಿಂದ 12 ಮೆಡುಲ್ಲಾ, 5ರಿಂದ 8 ಪಾನ್ಸ್, 3 ಮತ್ತು 4 ಮಿಡ್‌ಬ್ರೈನ್.

ಜಾಗ ಸಿಕ್ಕಿದ ಮೇಲೂ ಕೇಸ್ ಮುಗಿಯಲಿಲ್ಲ. ‘ಬೆಳಿಗ್ಗೆ ಎದ್ದಾಗಿನಿಂದ’ ಎಂಬ ಮಾತು ಪ್ರಶ್ನೆಯಲ್ಲಿ ಸುಮ್ಮನೆ ಬಂದಿಲ್ಲ. ಗಡಿಯಾರ ಶುರುವಾಗುವುದು ಅವರು ಎದ್ದ ಹೊತ್ತಿನಿಂದಲ್ಲ, ರಾತ್ರಿ ಕೊನೆಯ ಬಾರಿ ಸರಿಯಾಗಿದ್ದುದನ್ನು ಯಾರಾದರೂ ಕಂಡ ಹೊತ್ತಿನಿಂದ. ಥ್ರಾಂಬೊಲೈಸಿಸ್‌ನ (ರಕ್ತದ ಹೆಪ್ಪು ಕರಗಿಸುವ ಚಿಕಿತ್ಸೆಯ) 4.5 ಗಂಟೆ ಎಣಿಸುವುದೂ ಅಲ್ಲಿಂದಲೇ. ಮೊದಲು ಗ್ಲುಕೋಸ್ ನೋಡಬೇಕು. ನುಂಗುವ ಪರೀಕ್ಷೆ ಆಗುವ ತನಕ ಬಾಯಿಗೆ ಏನೂ ಕೊಡಬಾರದು, ಮಾತ್ರೆಯನ್ನೂ. ಸಿಟಿ ಸ್ಕ್ಯಾನ್ ಸಹಜವಾಗಿದ್ದರೆ ಸ್ಟ್ರೋಕ್ ಅಲ್ಲ ಎಂದು ಬರೆದವರು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಹಿಂಭಾಗದ ಸಣ್ಣ ಇನ್‌ಫಾರ್ಕ್ಟ್‌ಗಳು (ರಕ್ತ ಸಿಗದೆ ಸತ್ತ ಜಾಗಗಳು) ಮೊದಲ ಒಂದೆರಡು ದಿನ ಎಂಆರ್‌ಐನ ಡಿಫ್ಯೂಷನ್ ಚಿತ್ರದಲ್ಲೂ ತಪ್ಪಿಸಿಕೊಳ್ಳುವುದುಂಟು.

ಇಷ್ಟು ಮಾಡಲು ಒಂದು ಪ್ರಶ್ನೆಗೆ ಐದಾರು ನಿಮಿಷ ಬೇಕು. ದಿನಕ್ಕೆ 50 ಬೇಡ, 15 ಸಾಕು. ಬಿಡಿಸಲು ಹಿಡಿದ ಸಮಯದ ಎರಡರಷ್ಟನ್ನು ವಿವರಣೆಗೆ ಕೊಡಿ. ಸರಿ ಬಂದವುಗಳ ವಿವರಣೆಯನ್ನೂ ಓದಿ, ತಪ್ಪು ಕಾರಣಕ್ಕೆ ಸರಿ ಬಂದವು ಅಲ್ಲಿ ಸಿಕ್ಕಿಬೀಳುತ್ತವೆ. ಮೂರ್ನಾಲ್ಕು ವಾರ ಅಧ್ಯಾಯವಾರು ಮಾಡಿ, ಆಮೇಲೆ ಕಲಸಿಬಿಡಿ. ಮೇಲೆ ‘ಬೆನ್ನುಹುರಿ’ ಎಂದು ತಲೆಬರಹ ಇದ್ದರೆ ಅರ್ಧ ಉತ್ತರ ಕೊಟ್ಟ ಹಾಗೆಯೇ.

ಉತ್ತರ 2 (ನ್ಯೂರೋ ಫಿಸಿಯೋಥೆರಪಿ ಬೋಧಕಿ)

ತಪ್ಪು ಆಯ್ಕೆಗಳ ಬಗ್ಗೆ ಸೇರಿಸುತ್ತೇನೆ. ಪ್ರಶ್ನೆಯಲ್ಲಿ ಹೆಚ್ಚು ಕಲಿಕೆ ಅಡಗಿರುವುದು ಅಲ್ಲಿ. ಸರಿಯುತ್ತರ ಒಂದು ರೋಗಿಯನ್ನು ಕಲಿಸುತ್ತದೆ, ಉಳಿದ ಮೂರು ಆಯ್ಕೆಗಳು ಇನ್ನೂ ಮೂವರನ್ನು. ‘ಈ ಆಯ್ಕೆಯೇ ಸರಿಯಾಗಬೇಕಾದರೆ ಕೇಸ್‌ನಲ್ಲಿ ಏನು ಬದಲಾಗಬೇಕಿತ್ತು?’ ಎಂದು ಪ್ರತಿಯೊಂದಕ್ಕೂ ಒಂದು ಸಾಲು ಬರೆಯಿರಿ.

ಉದಾಹರಣೆಗೆ, ದಿನವಿಡೀ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತ 40 ವರ್ಷದ ಮಹಿಳೆಗೆ ಮರುದಿನ ಎಡಪಾದ ಮೇಲೆತ್ತಲು ಆಗುವುದಿಲ್ಲ. ಪಾದದ ಮೇಲ್ಭಾಗ ಮರಗಟ್ಟಿದೆ. ಆಯ್ಕೆಗಳು: ಫಿಬ್ಯುಲಾದ ಕುತ್ತಿಗೆಯಲ್ಲಿ ಕಾಮನ್ ಪೆರೋನಿಯಲ್ ನರ, ಎಲ್5 ಬೇರು (ಸೊಂಟದ ಐದನೇ ನರದ ಬೇರು), ಸಯಾಟಿಕ್ ನರ, ಮೆದುಳಿನ ನಡುಗೆರೆಯ ಪಕ್ಕದ ಗೆಡ್ಡೆ.

ಪೆರೋನಿಯಲ್ ಆದರೆ ಪಾದ ಮೇಲೆತ್ತುವುದೂ ಹೊರಕ್ಕೆ ತಿರುಗಿಸುವುದೂ ಹೋಗುತ್ತವೆ, ಒಳಕ್ಕೆ ತಿರುಗಿಸುವುದು ಉಳಿಯುತ್ತದೆ. ಏಕೆಂದರೆ ಟಿಬಿಯಾಲಿಸ್ ಪೋಸ್ಟೀರಿಯರ್‌ಗೆ ಬರುವುದು ಟಿಬಿಯಲ್ ನರ. ಎಲ್5 ಬೇರಾದರೆ ಅದೂ ಸೋಲುತ್ತದೆ, ಗ್ಲೂಟಿಯಸ್ ಮೀಡಿಯಸ್ ಸೋತು ತೊಡೆಯನ್ನು ಹೊರಕ್ಕೆ ಚಾಚುವುದೂ ದುರ್ಬಲವಾಗುತ್ತದೆ, ಸೊಂಟದಿಂದ ಕಾಲಿಗೆ ಹರಿಯುವ ನೋವು ಇರಬಹುದು. ಹಿಮ್ಮಡಿಯ ರಿಫ್ಲೆಕ್ಸ್ ಇವೆರಡರಲ್ಲೂ ಉಳಿಯುತ್ತದೆ, ಅದು ಎಸ್1. ಅದನ್ನು ನೋಡಿ ಇವೆರಡನ್ನು ಬೇರ್ಪಡಿಸಲು ಹೊರಟವರು ಸೋಲುತ್ತಾರೆ. ಸಯಾಟಿಕ್ ಆದರೆ ಆ ರಿಫ್ಲೆಕ್ಸ್ ಹೋಗಿರುತ್ತದೆ, ಪಾದ ಕೆಳಕ್ಕೊತ್ತುವ ಶಕ್ತಿ ಕುಗ್ಗಿರುತ್ತದೆ, ಅಂಗಾಲೂ ಮರಗಟ್ಟಿರುತ್ತದೆ. ಮೆದುಳಿನದಾದರೆ ರಿಫ್ಲೆಕ್ಸ್ ಚುರುಕಾಗಿ, ಹೆಬ್ಬೆರಳು ಮೇಲೇಳುತ್ತದೆ.

ಪರೀಕ್ಷಿಸುವ ಕೈಯ ತಪ್ಪೊಂದನ್ನು ಯಾವ ಎಂಸಿಕ್ಯೂ ಕೂಡ ತೋರಿಸುವುದಿಲ್ಲ. ಜೋತುಬಿದ್ದ ಪಾದವನ್ನು ಹಾಗೇ ಬಿಟ್ಟು ‘ಒಳಕ್ಕೆ ತಿರುಗಿಸಿ’ ಎಂದರೆ ಆರೋಗ್ಯವಾಗಿರುವ ಟಿಬಿಯಾಲಿಸ್ ಪೋಸ್ಟೀರಿಯರ್ ಕೂಡ ಸೋತಂತೆ ಕಾಣುತ್ತದೆ. ಪಾದವನ್ನು ನಿಮ್ಮ ಕೈಯಿಂದ 90 ಡಿಗ್ರಿಗೆ ಎತ್ತಿ ಹಿಡಿದು ಆಮೇಲೆ ಕೇಳಿ. ಇಲ್ಲದಿದ್ದರೆ ಪೆರೋನಿಯಲ್ ರೋಗಿಗೆ ಎಲ್5 ಎಂದು ಬರೆದು ಬೆನ್ನಿನ ಎಂಆರ್‌ಐಗೆ ಕಳಿಸಿಬಿಡುತ್ತೀರಿ. ರೇಡಿಯಲ್ ನರ ಕೆಟ್ಟು ಮಣಿಕಟ್ಟು ಜೋತುಬಿದ್ದವರಲ್ಲೂ ಇದೇ ಮೋಸ: ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇರಿಸಿಯೇ ಬೆರಳು ಅಗಲಿಸಲು ಹೇಳಬೇಕು.

ತಪ್ಪಿನ ಪುಸ್ತಕ ಇಡುವವರು ಸಾಮಾನ್ಯವಾಗಿ ಸರಿಯುತ್ತರವನ್ನು ನಕಲು ಮಾಡಿ ಮುಚ್ಚಿಡುತ್ತಾರೆ. ಅದರಿಂದ ಉಪಯೋಗ ಕಡಿಮೆ. ಏಕೆ ತಪ್ಪಿತು ಎಂದು ಬರೆಯಿರಿ. ರಚನೆಯೇ ಗೊತ್ತಿರಲಿಲ್ಲವೇ? ಹಾಗಾದರೆ ಖಾಲಿ ಹಾಳೆಯ ಮೇಲೆ ಆ ದಾರಿಯನ್ನು ಚಿತ್ರ ಬಿಡಿಸಬೇಕು, ಓದಿದರೆ ಸಾಲದು. ಗೊತ್ತಿದ್ದೂ ಎಡ-ಬಲ ತಪ್ಪಿತೇ? ಹಾಗಾದರೆ ಎಲ್ಲಿ ದಾಟುತ್ತದೆ ಎಂಬುದನ್ನು ಮಾತ್ರ ಮೂರು ದಾರಿಗಳಿಗೆ ಬರೆಯಿರಿ: ಮೋಟರ್ ಎಳೆಗಳು ಮೆಡುಲ್ಲಾದ ಕೆಳತುದಿಯಲ್ಲಿ, ಕಂಪನ-ಸ್ಥಾನದವು ಮೆಡುಲ್ಲಾದಲ್ಲಿ, ನೋವಿನವು ಬೆನ್ನುಹುರಿಯಲ್ಲೇ. ಬ್ರೌನ್-ಸೆಕಾರ್ಡ್ (ಬೆನ್ನುಹುರಿಯ ಒಂದು ಬದಿ ಮಾತ್ರ ಕೆಟ್ಟ) ಪ್ರಶ್ನೆಗಳೆಲ್ಲ ಇಷ್ಟರಿಂದ ಬಿಚ್ಚಿಕೊಳ್ಳುತ್ತವೆ. ಕಾಲಗತಿಯನ್ನು ಗಮನಿಸದೆ ತಪ್ಪಿದರೆ ಅದೇ ಬೇರೆ ಗುಂಪು.

1, 3, 7, 21ನೇ ದಿನ ಮರಳಿ ಬನ್ನಿ. ಆದರೆ ಅದೇ ಪ್ರಶ್ನೆಗೆ ಬೇಡ, ಅದರ ಉತ್ತರ ಬಾಯಿಪಾಠವಾಗಿರುತ್ತದೆ. ಒಂದು ಚಿಹ್ನೆ ಬದಲಿಸಿ. ‘ಇದೇ ಮಹಿಳೆಗೆ ಹಿಮ್ಮಡಿಯ ರಿಫ್ಲೆಕ್ಸ್ ಇಲ್ಲದಿದ್ದರೆ?’

ಉತ್ತರ 3 (ನರರೋಗ ಬೋಧಕ)

ಮೇಲಿನ ಎರಡೂ ಉತ್ತರ ಚೆನ್ನಾಗಿವೆ. ನಾಲ್ಕರ ನಿಯಮಕ್ಕೆ ಮಾತ್ರ ಒಂದು ಎಚ್ಚರಿಕೆ. ಅದು ಇನ್‌ಫಾರ್ಕ್ಟ್‌ಗೆ ಹೊಂದುತ್ತದೆ, ಏಕೆಂದರೆ ಮೆದುಳುಕಾಂಡದ ರಕ್ತನಾಳಗಳೇ ನಡು ಮತ್ತು ಬದಿ ಎಂದು ಹಂಚಿಕೊಂಡಿವೆ. ಟ್ಯುಬರ್ಕ್ಯುಲೋಮ (ಕ್ಷಯದ ಗಂಟು), ಗ್ಲಯೋಮ (ಮೆದುಳಿನ ಗೆಡ್ಡೆ), ಮಲ್ಟಿಪಲ್ ಸ್ಕ್ಲೆರೋಸಿಸ್ ಕಲೆಗಳು ರಕ್ತನಾಳದ ಗಡಿಯನ್ನು ಲೆಕ್ಕಕ್ಕೆ ಇಡುವುದಿಲ್ಲ. ನಿಯಮಕ್ಕೆ ಹೊಂದದ ಕೇಸ್ ಬಂದರೆ ಕೇಸ್ ತಪ್ಪು ಎನ್ನಬೇಡಿ, ಸ್ಟ್ರೋಕ್ ಅಲ್ಲದಿರಬಹುದು ಎನ್ನಿ. ರಿಫ್ಲೆಕ್ಸ್ ವಿಷಯದಲ್ಲೂ ಹಾಗೆ. ಬೆನ್ನುಹುರಿಗೆ ಹಠಾತ್ ಪೆಟ್ಟಾದಾಗ ಮೊದಲ ದಿನಗಳಲ್ಲಿ ಸ್ಪೈನಲ್ ಶಾಕ್‌ನಿಂದ ಕಾಲು ಮೆತ್ತಗಾಗಿ ರಿಫ್ಲೆಕ್ಸ್ ಇಲ್ಲವಾಗಿರುತ್ತದೆ. ಅದನ್ನು ಗೀಲನ್-ಬಾರೆ (ಹುರಿಯ ಹೊರಗಿನ ನರಗಳ ಕಾಯಿಲೆ) ಎಂದುಕೊಂಡರೆ ಹುರಿಯ ಮೇಲಿನ ಒತ್ತಡ ತೆಗೆಯುವ ಸಮಯ ಜಾರಿಹೋಗುತ್ತದೆ. ಹೊಟ್ಟೆಯ ಮೇಲೆ ಸಂವೇದನೆ ನಿಲ್ಲುವ ಗೆರೆ ಇದೆಯೇ (ಹೊಕ್ಕುಳು ಟಿ10, ಮೊಲೆತೊಟ್ಟು ಟಿ4), ಮೂತ್ರ ಕಟ್ಟಿದೆಯೇ ಎಂದು ನೋಡಿ.

ಕಾಗದದ ಕೇಸ್‌ನಿಂದ ಕಲಿಯಲು ಸಾಧ್ಯ, ಅದನ್ನು ಒಂದೇ ಉಸಿರಿಗೆ ಓದದಿದ್ದರೆ. ಹಾಳೆಯ ಮೇಲೆ ಇನ್ನೊಂದು ಹಾಳೆ ಇಟ್ಟು ರೋಗಿಯ ದೂರನ್ನು ಮಾತ್ರ ತೆರೆಯಿರಿ. ಮೂರು ಸಾಧ್ಯತೆ, ಅವುಗಳನ್ನು ಬೇರ್ಪಡಿಸಲು ನೀವು ಕೇಳುವ ಪ್ರಶ್ನೆ, ನೋಡುವ ಚಿಹ್ನೆ ಬರೆಯಿರಿ. ಆಮೇಲೆ ಪರೀಕ್ಷೆಯ ಭಾಗ ತೆರೆಯಿರಿ. ಸ್ಕ್ಯಾನ್ ತೆರೆಯುವ ಮುನ್ನ ‘ಇಲ್ಲಿ, ಈ ಬದಿಯಲ್ಲಿ, ಇಂಥದ್ದು ಕಾಣಬೇಕು’ ಎಂದು ಬರೆಯಿರಿ. ಸ್ಕ್ಯಾನ್ ಮೊದಲು ನೋಡಿದರೆ ಆ ಕೇಸ್ ನಿಮ್ಮ ಪಾಲಿಗೆ ಮುಗಿಯಿತು.

ಪ್ರಶ್ನೆ ಬ್ಯಾಂಕಿನ ದೊಡ್ಡ ಕೊರತೆ ಎಂದರೆ ಅಲ್ಲಿ ರೋಗಿ ವೈದ್ಯರ ಭಾಷೆಯಲ್ಲಿ ಮಾತಾಡುತ್ತಾನೆ. ‘ಜೋಮು ಹಿಡಿದಿದೆ’ ಎಂದು ಒಬ್ಬರು ಸ್ಪರ್ಶ ತಿಳಿಯದ್ದಕ್ಕೆ ಹೇಳುತ್ತಾರೆ, ಇನ್ನೊಬ್ಬರು ಇರುವೆ ಹರಿದಂತಾಗುವುದಕ್ಕೆ, ಮತ್ತೊಬ್ಬರು ಕೈ ಎತ್ತಲಾಗದ್ದಕ್ಕೂ ಅದನ್ನೇ ಹೇಳುತ್ತಾರೆ. ‘ತಲೆಸುತ್ತು’ ಅಂದರೆ ಸುತ್ತಲಿನದು ಗಿರಗಿರ ತಿರುಗಿತೇ, ಎದ್ದಾಗ ಕಣ್ಣು ಕತ್ತಲೆ ಬಂತೇ, ನಡೆಯುವಾಗ ಓಲಾಡಿತೇ? ಮೂರೂ ಬೇರೆ ಬೇರೆ ಜಾಗ. ಆದ್ದರಿಂದ ಕೇಸಿನ ಮೊದಲ ಪ್ಯಾರಾವನ್ನು ರೋಗಿ ಮನೆಯಲ್ಲಿ ಆಡುವ ಕನ್ನಡದಲ್ಲಿ ಮರಳಿ ಬರೆಯುವುದು ಒಳ್ಳೆಯ ಅಭ್ಯಾಸ. ತಲೆ ಬಾಚಲು ಆಗದಿದ್ದರೆ ಭುಜದ ಸ್ನಾಯು, ಅನ್ನ ಕಲಸಲು ಆಗದಿದ್ದರೆ ಕೈಬೆರಳು, ನೆಲದಿಂದ ಏಳಲು ತೊಡೆಗೆ ಕೈ ಊರಬೇಕಾದರೆ ಸೊಂಟದ ಸುತ್ತಿನ ಸ್ನಾಯು.

ಚಪ್ಪಲಿಯ ಪ್ರಶ್ನೆ ಎಲ್ಲಕ್ಕಿಂತ ಬೆಲೆಬಾಳುತ್ತದೆ. ‘ನಡೆಯುವಾಗ ಚಪ್ಪಲಿ ಜಾರುತ್ತದೆಯೇ?’ ಎಂದಷ್ಟೇ ಕೇಳಿ ಬಿಡಬೇಡಿ, ‘ಜಾರಿದ್ದು ಗೊತ್ತಾಗುತ್ತದೆಯೇ?’ ಎಂದೂ ಕೇಳಿ. ಗೊತ್ತಾಗಿಯೂ ಹಿಡಿದುಕೊಳ್ಳಲು ಆಗದಿದ್ದರೆ ಬೆರಳುಗಳ ಶಕ್ತಿ ಕುಂದಿದೆ. ಹತ್ತು ಹೆಜ್ಜೆ ಹೋದ ಮೇಲೆ ಬರಿಗಾಲು ಕಂಡು ತಿಳಿದರೆ ಸಂವೇದನೆ ಹೋಗಿದೆ. ಮುಖ ತೊಳೆಯಲು ಕಣ್ಣು ಮುಚ್ಚಿ ಬಗ್ಗಿದಾಗ ಮುಗ್ಗರಿಸುತ್ತಾರೆಂದರೆ ಅದು ಪೋಸ್ಟೀರಿಯರ್ ಕಾಲಮ್‌ನ (ಬೆನ್ನುಹುರಿಯಲ್ಲಿ ಕಂಪನ-ಸ್ಥಾನದ ದಾರಿ) ಕಡೆ ಬೆರಳು ತೋರಿಸುತ್ತದೆ, ಸೆರೆಬೆಲ್ಲಮ್ ಕಡೆ ಅಲ್ಲ.

ನಮ್ಮ ಕಡೆಯ ಕೇಸ್‌ಗಳನ್ನೂ ಸೇರಿಸಿಕೊಳ್ಳಿ. ದಕ್ಷಿಣ ಕರ್ನಾಟಕದಿಂದ ಹೆಚ್ಚು ವರದಿಯಾಗಿರುವ ಬಿಸಿನೀರಿನ ಅಪಸ್ಮಾರ ಒಳ್ಳೆಯ ಉದಾಹರಣೆ. ತಲೆಗೆ ಚೊಂಬಿನಿಂದ ಬಿಸಿನೀರು ಮೇಲಿಂದ ಮೇಲೆ ಸುರಿದುಕೊಳ್ಳುವಾಗ ನೋಟ ನೆಟ್ಟು, ಅಸಂಬದ್ಧ ಮಾತು ಬಂದು, ಕೆಲವರಿಗೆ ಪೂರ್ತಿ ಫಿಟ್ಸ್ ಆಗುತ್ತದೆ. ‘ಬಚ್ಚಲಲ್ಲಿ ತಲೆಸುತ್ತಿ ಬಿದ್ದರು’ ಎಂದು ದಾಖಲಾದರೆ ಸಿಂಕೋಪ್ (ತುಸು ಹೊತ್ತು ಪ್ರಜ್ಞೆ ತಪ್ಪುವುದು) ಎಂದು ಮುಗಿಸಿಬಿಡುತ್ತಾರೆ. ಮೈಗೆ ಮಾತ್ರ ಸ್ನಾನ ಮಾಡಿದ ದಿನ ಆಗುತ್ತದೆಯೇ, ತಲೆಗೆ ಎರೆದುಕೊಂಡ ದಿನ ಮಾತ್ರವೇ ಎಂಬ ಒಂದು ಪ್ರಶ್ನೆ ದಾರಿ ತೋರಿಸುತ್ತದೆ. ಮೊದಲ ಚಿಕಿತ್ಸೆ ನೀರನ್ನು ಉಗುರುಬೆಚ್ಚಗೆ ಮಾಡುವುದು. ಸಾಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮುಂಚೆ ಫಿಟ್ಸ್ ತಡೆಯುವ ಕ್ಲೋಬಜಾಮ್ ಕೊಡುವ ಪದ್ಧತಿ ಇದೆ.

ಪ್ರಶ್ನೆ ಕೇಳಿದವರಿಗೆ ಒಂದು ಕೇಸ್: 24 ವರ್ಷದ ಯುವತಿ. 3 ವಾರದಿಂದ ಸಂಜೆ ಜ್ವರ, ತಲೆನೋವು. 4 ದಿನದಿಂದ ಎಡಕ್ಕೆ ನೋಡಿದರೆ ಎರಡೆರಡು ಕಾಣುತ್ತದೆ. ನಿನ್ನೆಯಿಂದ ಮಂಕು. ಕುತ್ತಿಗೆ ಬಿಗಿ, ಎರಡೂ ಕಣ್ಣಲ್ಲಿ ಪ್ಯಾಪಿಲೀಡಿಮ (ಕಣ್ಣಿನ ನರದ ತುದಿ ಊದಿರುವುದು). ಎಡಗಣ್ಣು ಹೊರಕ್ಕೆ ಹೋಗುವುದಿಲ್ಲ, ಬಲಗಣ್ಣು ಒಳಕ್ಕೆ ಸರಿಯಾಗಿ ಬರುತ್ತದೆ. ಮುಖ ನೇರವಾಗಿದೆ, ಕೈಕಾಲು ಸಹಜ. ಎಲ್ಲಿ? ಏನು? ಮುಂದೇನು?

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್, ಮೇಡಂ. ಬರೆದ ಮೇಲೆಯೇ ಇಲ್ಲಿ ಹಾಕುತ್ತಿದ್ದೇನೆ. ಚಿಹ್ನೆ: ಎಡ 6ನೇ ನರ. ಜಾಗ: ಎಡ ಪಾನ್ಸ್, 6ನೇ ನರದ ನ್ಯೂಕ್ಲಿಯಸ್. ಕಾಲಗತಿ: ವಾರಗಳು, ಜ್ವರ ಇದೆ. ಕಾರಣ: ಪಾನ್ಸ್‌ನಲ್ಲಿ ಟ್ಯುಬರ್ಕ್ಯುಲೋಮ. ಮುಂದೆ: ಲಂಬಾರ್ ಪಂಕ್ಚರ್ (ಬೆನ್ನಿನಿಂದ ಮೆದುಳುದ್ರವ ತೆಗೆಯುವುದು).

ಉತ್ತರ 3 (ನರರೋಗ ಬೋಧಕ)

ಕಾಲಗತಿಯನ್ನು ಸರಿಯಾಗಿ ಹಿಡಿದಿದ್ದೀರಿ. ಕ್ಷಯದ ಕಡೆ ಹೋದದ್ದೂ ಸರಿ. ಜಾಗ ತಪ್ಪಿತು.

6ನೇ ನ್ಯೂಕ್ಲಿಯಸ್ ಕೆಟ್ಟರೆ ಎಡಗಣ್ಣೊಂದೇ ಅಲ್ಲ, ಎರಡೂ ಕಣ್ಣು ಎಡಕ್ಕೆ ಹೋಗುವುದಿಲ್ಲ. ಬಲಗಣ್ಣನ್ನು ಒಳಕ್ಕೆ ತರುವ ಸುದ್ದಿಯೂ ಅಲ್ಲಿಂದಲೇ ಹೊರಡುತ್ತದೆ. 7ನೇ ನರದ ಎಳೆಗಳು ಆ ನ್ಯೂಕ್ಲಿಯಸ್ಸನ್ನು ಬಳಸಿಕೊಂಡೇ ಹೋಗುವುದರಿಂದ ಮುಖವೂ ಸಾಮಾನ್ಯವಾಗಿ ಸೊಟ್ಟಗಾಗುತ್ತದೆ. ಈ ಯುವತಿಗೆ ಎರಡೂ ಇಲ್ಲ. ಪಾನ್ಸ್‌ನೊಳಗೆ ಎಳೆಗಳು ಹೊರಬರುವ ದಾರಿಯಲ್ಲಿ ಪೆಟ್ಟಾಗಿದ್ದರೆ ಬಲ ಕೈಕಾಲಿನ ಶಕ್ತಿ ಕುಂದುವ ನಿರೀಕ್ಷೆ ಇತ್ತು, ಅದೂ ಇಲ್ಲ. ಉಳಿಯುವುದು ಮೆದುಳುಕಾಂಡದ ಹೊರಗಿನ ನರ. ತಲೆಬುರುಡೆಯೊಳಗಿನ ಒತ್ತಡ ಏರಿದಾಗ 6ನೇ ನರ ಎಲ್ಲಿ ಬೇಕಾದರೂ ಹಿಗ್ಗಿ ಸೋಲಬಹುದು. ದೂರದ ಕಾಯಿಲೆಗೆ ಇದು ತಪ್ಪು ವಿಳಾಸ ಕೊಡುವ ಚಿಹ್ನೆ. ಮೆದುಳಿನ ತಳದ ಪೊರೆಗಳಲ್ಲಿ ಕೂಡಿದ ದಪ್ಪ ಸ್ರಾವವೂ ಅದನ್ನು ಸುತ್ತಿ ಹಿಡಿಯಬಹುದು. ಬಿಗಿದ ಕುತ್ತಿಗೆಯನ್ನು ನಿಮ್ಮ ಪಟ್ಟಿಯಲ್ಲಿ ಬರೆದೇ ಇಲ್ಲ, ನೋಡಿ. ಪಟ್ಟಿಯಿಂದ ಬಿಟ್ಟುಹೋದ ಚಿಹ್ನೆಯೇ ಜಾಗ ಹೇಳುತ್ತಿತ್ತು: ಮೆದುಳುಪೊರೆ. ಪ್ಯಾಪಿಲೀಡಿಮ ಮತ್ತು ಮಂಕು ಸೇರಿ ಹೈಡ್ರೊಸೆಫಲಸ್ (ಮೆದುಳಿನೊಳಗೆ ದ್ರವ ಕಟ್ಟಿಕೊಳ್ಳುವುದು) ಆಗಿರಬಹುದೆಂದು ಹೇಳುತ್ತಿವೆ.

ಮುಂದಿನ ಹೆಜ್ಜೆಯಲ್ಲಿ ಕ್ರಮ ಮುಖ್ಯ. ಪ್ಯಾಪಿಲೀಡಿಮ ಮತ್ತು ಮಂಕು ಇರುವಾಗ ಮೊದಲು ಸಿಟಿ, ಆಮೇಲೆ ಪಂಕ್ಚರ್. ಒತ್ತಡ ಅಳೆಯಿರಿ. ಅದೇ ಹೊತ್ತಿನ ರಕ್ತದ ಗ್ಲುಕೋಸ್ ಕಳಿಸದಿದ್ದರೆ ದ್ರವದ ಗ್ಲುಕೋಸ್‌ಗೆ ಅರ್ಥವಿಲ್ಲ. ಕ್ಷಯದ ಮೆನಿಂಜೈಟಿಸ್‌ನಲ್ಲಿ ನಿರೀಕ್ಷಿಸುವುದು ಹೆಚ್ಚಾಗಿ 10ರಿಂದ 500 ಜೀವಕೋಶ, ಅವುಗಳಲ್ಲಿ ಲಿಂಫೋಸೈಟ್ ಹೆಚ್ಚು, ಪ್ರೊಟೀನ್ 100 ಮಿಗ್ರಾಂ/ಡೆಲಿ ಮೇಲೆ, ಗ್ಲುಕೋಸ್ ರಕ್ತದ್ದರ ಅರ್ಧಕ್ಕಿಂತ ಕಡಿಮೆ. ಸಿಬಿನಾಟ್‌ಗೆ (ಕ್ಷಯದ ರೋಗಾಣುವನ್ನು ಹುಡುಕುವ ಜೀನ್ ಪರೀಕ್ಷೆ) ಎರಡು ಹನಿ ಕಳಿಸಿ ‘ನೆಗೆಟಿವ್’ ಎಂದು ಸುಮ್ಮನಾಗುವುದು ದೊಡ್ಡ ತಪ್ಪು. ಸುರಕ್ಷಿತವಾಗಿ ತೆಗೆಯಬಹುದಾದರೆ 5-6 ಮಿಲೀ ಬೇಕು, ಸೆಂಟ್ರಿಫ್ಯೂಜ್ ಮಾಡಬೇಕು. ಆಗಲೂ ನೆಗೆಟಿವ್ ಬಂದರೆ ಕ್ಷಯ ಇಲ್ಲವೆಂದಲ್ಲ. ಎಚ್‌ಐವಿ ಮತ್ತು ಕ್ರಿಪ್ಟೋಕಾಕಲ್ ಆಂಟಿಜನ್ ಜೊತೆಗೇ ಕಳಿಸಿ. ಕ್ಷಯದ ಅನುಮಾನ ಗಟ್ಟಿಯಾಗಿದ್ದರೆ ವರದಿಗೆ ಕಾಯದೆ ಚಿಕಿತ್ಸೆ ಶುರುಮಾಡುತ್ತಾರೆ, ಸ್ಟೆರಾಯ್ಡ್ ಜೊತೆಗೆ.

ಈಗ ಕೆಲವು ಚಿಹ್ನೆ ಬದಲಿಸುತ್ತೇನೆ. ಜ್ವರವಿಲ್ಲ, ಕುತ್ತಿಗೆ ಬಿಗಿಯಿಲ್ಲ, ಪ್ಯಾಪಿಲೀಡಿಮ ಇಲ್ಲ. ಎರಡೂ ಕಣ್ಣು ಎಡಕ್ಕೆ ಹೋಗುವುದಿಲ್ಲ, ಎಡಗಣ್ಣು ಮುಚ್ಚಲಾಗದು, ಎಡ ಹಣೆಯಲ್ಲಿ ನೆರಿಗೆ ಮೂಡದು. 3 ದಿನಗಳಲ್ಲಿ ಬಂದದ್ದು. ಹಾಳೆಯಲ್ಲಿ ಬರೆದು ಹಾಕಿ, ಬದಿ ಸಹಿತ.